ಕನಿಷ್ಠ ಪಾಯಿಂಟು

ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಕೂದಲಿಗೆ ನೀರು ಸವರಿ ಬಾಚಿಕೊಂಡು, ಅಪ್ಪ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದಾಗ ಪುಟ್ಟಿ ಎದುರು ಕೂತಿದ್ದ ಗಂಡ ಹೆಂಡತಿಗೆ ಸಮುದ್ರದ ಚಿತ್ರ ತೋರಿಸುತ್ತಿದ್ದಳು. ಅವಳ ಕಣ್ಣು ಬಾಗಿಲ ಕಡೆ ಹೊರಳಿತು. ಬಾಯಿ ಮಾತ್ರ ನಿಲ್ಲಲಿಲ್ಲ. ವರ್ಷಗಟ್ಟಲೆ ಅದೇ ಮಾತಾಡಿದ ಬಾಯಿ, ಅದಕ್ಕೆ ಈಗ ಪುಟ್ಟಿಯ ಅಗತ್ಯವೇ ಇರಲಿಲ್ಲ.

ಮೂವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಇಲ್ಲಿ ಮೇಡಂ. ಅವಳ ಕೆಲಸ ರಜಾ ಪಾಯಿಂಟು ಮಾರುವುದು. ಕಂಪನಿಗೆ ಬೆಟ್ಟದ ಮೇಲೆ, ಕಡಲ ದಂಡೆಯಲ್ಲಿ, ಕೆರೆಯಂಚಿನಲ್ಲಿ ರಜಾ ಮನೆಗಳಿದ್ದವು. ಆ ಮನೆಗಳನ್ನು ಯಾರೂ ಕೊಳ್ಳುವಂತಿಲ್ಲ, ಪಾಯಿಂಟು ಕೊಳ್ಳಬೇಕು. ಒಮ್ಮೆ ದುಡ್ಡು ಕೊಟ್ಟರೆ ವರ್ಷವರ್ಷವೂ ಅಷ್ಟು ಪಾಯಿಂಟು ನಿಮ್ಮ ಹೆಸರಿಗೆ ಬೀಳುತ್ತದೆ, ಅದನ್ನು ಖರ್ಚು ಮಾಡಿ ಇಷ್ಟಬಂದ ಕಡೆ ಇಳಿದುಕೊಳ್ಳಬಹುದು. ಕೇಳಲಿಕ್ಕೆ ಚೆನ್ನಾಗಿಯೇ ಇದೆ. ಆದರೆ ಮೂರು ಸಾವಿರ ಪಾಯಿಂಟಿಗಿಂತ ಕಡಿಮೆ ಮಾರುವುದಿಲ್ಲ. ಅದಕ್ಕೆ ಕನಿಷ್ಠ ಖರೀದಿ ಎಂದು ಹೆಸರು, ಬಂದವರಲ್ಲಿ ಮುಕ್ಕಾಲು ಪಾಲು ಜನ ಅಷ್ಟನ್ನೇ ಹೇಗೋ ಹೊಂದಿಸಿ ಕೊಳ್ಳುತ್ತಾರೆ. ಅಷ್ಟಕ್ಕೆ ಸಿಗುವುದು ಯಾರೂ ಹೋಗದ ತಿಂಗಳಲ್ಲಿ, ಇಬ್ಬರೇ ಮಲಗುವ ಕೋಣೆಯಲ್ಲಿ, ನಾಲ್ಕು ರಾತ್ರಿ. ಶಾಲೆಗೆ ರಜೆಯಿರುವಾಗ ಮನೆಮಂದಿಯೆಲ್ಲ ಒಂದು ವಾರ ಹೋಗಬೇಕೆಂದರೆ ಅದರ ಮೂರರಷ್ಟು ಬೇಕು. ಸಾಲದ್ದಕ್ಕೆ ವರ್ಷಕ್ಕೊಮ್ಮೆ ನಿರ್ವಹಣೆಯ ಶುಲ್ಕ ಬೇರೆ, ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು.

ಪುಟ್ಟಿ ಸುಳ್ಳು ಹೇಳುವವಳಲ್ಲ. ಯಾರಾದರೂ ಕೇಳಿದರೆ ಇದನ್ನೆಲ್ಲ ಹೇಳುತ್ತಿದ್ದಳು. ಯಾರೂ ಕೇಳದ ಹಾಗೆ ನೋಡಿಕೊಳ್ಳುವುದರಲ್ಲೇ ಅವಳ ಜಾಣತನವೆಲ್ಲ ಇತ್ತು.

ಅಪ್ಪ ಸ್ವಾಗತದ ಹುಡುಗಿಗೆ "ಅಲ್ಲಿ ಕೂತಿದಾಳಲ್ಲ, ನನ್ನ ಮಗಳು" ಎಂದು ಬೆರಳು ತೋರಿಸಿದ. ಮಗಳಿಗೆ ಮೊದಲೇ ಹೇಳದೆ ಬಂದಿದ್ದ, ಅವಳನ್ನು ಬೆರಗುಗೊಳಿಸಬೇಕೆಂದು. ಮನೆಯವರಿಗೆ ಮನೆಯವರೇ ಮಾರುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಹಾಗಾಗಿ ಅಪ್ಪನನ್ನು ಕಿಟಕಿಯ ಪಕ್ಕದ ಮೇಜಿಗೆ ಕಳಿಸಿದರು. ಅಲ್ಲಿ ಕೂತಿದ್ದವಳು ಜೇನುಬಾಯಿ. ಮಾತು ಅಷ್ಟು ಸಿಹಿಯೆಂದು ಎಲ್ಲರೂ ಇಟ್ಟ ಹೆಸರದು. ಆ ಸಿಹಿಯನ್ನು ಅವಳಿಗೆ ಕಲಿಸಿಕೊಟ್ಟವಳು ಪುಟ್ಟಿಯೇ.

ಪುಟ್ಟಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಅಪ್ಪ ಯಾಕೆ ಬಂದ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಮಾತುಗಳನ್ನು ಬಾಯಿಪಾಠ ಮಾಡಿ, ಊಟದ ಮೇಜಿನಲ್ಲಿ ಅಪ್ಪನನ್ನೇ ಗಿರಾಕಿ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಅಪ್ಪನೂ ಕಮ್ಮಿಯಿರಲಿಲ್ಲ, ಮುಖ ಗಂಟಿಕ್ಕಿ ತಕರಾರಿನ ಗಿರಾಕಿಯ ಪಾತ್ರ ಹಾಕುತ್ತಿದ್ದ. "ನಿಮ್ಮ ಕಂಪನಿ ಮುಳುಗಿದ್ರೆ?" "ನಾನು ಸತ್ರೆ ಪಾಯಿಂಟು ಯಾರಿಗೆ?" ಅವಳು ತಡವರಿಸಿದರೆ "ಹೂಂ, ಮತ್ತೆ ಶುರು ಮಾಡು" ಎನ್ನುತ್ತಿದ್ದ. ಒಂದು ದಿನ ಅವಳ ಮಾತು ಎಲ್ಲೂ ಎಡವದೆ ಮುಗಿದಾಗ "ಆಯ್ತಮ್ಮ, ತಗೋತೀನಿ" ಅಂದ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವಳು ಅದನ್ನು ಆಟವೆಂದು ಅಲ್ಲಿಗೇ ಮರೆತಳು. ಅವನು ಮಾತ್ರ ಕೊಟ್ಟ ಮಾತು ಎಂದು ಇಟ್ಟುಕೊಂಡ. ಅಂದಿನಿಂದ ದುಡ್ಡು ಕೂಡಿಡುತ್ತ ಬಂದವನು ಇವತ್ತು ಬಂದಿದ್ದಾನೆ.

"ಮೇಡಂ, ಈ ಮನೆಗೆ ಅಡುಗೆಮನೆ ಇರುತ್ತಾ?" ಎಂದು ಎದುರಿನ ಹೆಂಡತಿ ಕೇಳಿದಳು. ಆಕೆ ಆಸ್ಪತ್ರೆಯಲ್ಲಿ ನರ್ಸ್, ಗಂಡನದು ಕನ್ನಡಕದ ಅಂಗಡಿ.

"ಇರುತ್ತೆ. ಒಂದ್ನಿಮಿಷ, ನೀರು ತರ್ತೀನಿ," ಎಂದು ಪುಟ್ಟಿ ಎದ್ದಳು. ನೀರಿನ ಕ್ಯಾನು ಇದ್ದದ್ದು ಅಪ್ಪನ ಬೆನ್ನ ಹಿಂದೆ.

"ಯಾರ ಜೊತೆ ಹೋಗ್ಬೇಕು ಅಂತಿದೆ ಸರ್?" ಜೇನುಬಾಯಿ ಕೇಳುತ್ತಿದ್ದಳು. ಇದು ಬಾಯಿಪಾಠದ ಮೂರನೇ ಪ್ರಶ್ನೆ, ಗಿರಾಕಿ ಕರಗುವುದು ಇಲ್ಲೇ.

"ನಾನು ಟೂರಿಸ್ಟ್ ಬಸ್ಸಿನ ಡ್ರೈವರ್ ಆಗಿದ್ದೆ ಕಣಮ್ಮ," ಅಪ್ಪ ಹೇಳಿದ. "ಇಂಥ ಜಾಗಕ್ಕೆ ಎಷ್ಟು ಜನರನ್ನ ಕರ್ಕೊಂಡು ಹೋಗಿ ಬಿಟ್ಟಿದೀನೋ. ಗೇಟಲ್ಲಿ ಸಾಮಾನು ಇಳಿಸಿ, ಬಸ್ಸು ಹಿಂದುಗಡೆ ಹಾಕಿ, ಹಿಂದಿನ ಸೀಟಲ್ಲಿ ಮಲಗ್ತಿದ್ದೆ. ಒಳಗೆ ಹೇಗಿದೆ ಅಂತ ನನ್ನ ಹೆಂಡತಿ ಕೇಳಿದ್ರೆ ಏನು ಹೇಳಲಿ? ನಂಗೆ ಗೇಟಷ್ಟೇ ಗೊತ್ತು. ಈಗ ಅವಳು, ಹೆಣ್ಮಕ್ಕಳಿಬ್ಬರು, ಅಳಿಯ, ಮೊಮ್ಮಕ್ಕಳು, ಎಲ್ಲರನ್ನೂ ಕರ್ಕೊಂಡು ಹೋಗ್ಬೇಕು. ಶಾಲೆ ರಜೇಲಿ. ಕನಿಷ್ಠದ್ದು ತಗೊಳ್ಳೋಷ್ಟು ಇದೆ ನನ್ನ ಹತ್ರ."

"ಎಷ್ಟು ಒಳ್ಳೇ ಮನಸ್ಸು ಸರ್ ನಿಮ್ಮದು," ಅಂದಳು ಜೇನುಬಾಯಿ, ಮತ್ತು ಕನಿಷ್ಠದ ಕಾಗದ ಮುಂದಕ್ಕೆ ತಳ್ಳಿದಳು.

ಲೋಟ ತುಂಬಿ ನೀರು ಪುಟ್ಟಿಯ ಕೈಮೇಲೆ ಹರಿಯಿತು. ಪಕ್ಕದಲ್ಲಿ ಬಂದು ನಿಂತ ಮ್ಯಾನೇಜರ್ ಕ್ಯಾನಿನ ನಲ್ಲಿ ತಿರುಗಿಸಿ ನಿಲ್ಲಿಸಿದ. "ನಿನ್ನ ಮೇಜು ಕಾಯ್ತಿದೆ," ಎಂದ ಮೆಲ್ಲಗೆ. "ಅವರಿಷ್ಟ ಅವರದು. ನೀನ್ಯಾಕೆ ತಲೆ ಹಾಕ್ತೀಯ?"

ಅವಳು ವಾಪಸು ಬಂದು ಕೂತಳು. ಕೂತಲ್ಲಿ ಕೂರಲಾಗಲಿಲ್ಲ. ನರ್ಸಿನ ಗಂಡ ಏನೋ ಕೇಳಿದ, ಇವಳು ಏನೋ ಹೇಳಿದಳು, ಅವನು ತಲೆಯಾಡಿಸಿದ. ಕಣ್ಣು ಮಾತ್ರ ಕಿಟಕಿಯ ಕಡೆಗೇ. ಅಪ್ಪನಿಗೆ ಒಂದು ಮಾತು ಹೇಳಿದರೆ ಈ ಕೆಲಸಕ್ಕೆ ಎಳ್ಳುನೀರು. ಸುಮ್ಮನಿದ್ದರೆ ಅಪ್ಪನ ದುಡ್ಡು ನೀರಿನಲ್ಲಿ ಹೋಮ. ಅದಕ್ಕಿಂತಲೂ, ಮುಂದಿನ ವರ್ಷ ಶಾಲೆಗೆ ರಜೆ ಬಂದಾಗ ಅಪ್ಪ ಫೋನು ಹಚ್ಚಿ ಎಲ್ಲರಿಗೂ ಜಾಗ ಕಾದಿರಿಸಲು ಹೊರಡುತ್ತಾನಲ್ಲ, ಆ ಹೊತ್ತನ್ನು ನೆನೆದು ಅವಳಿಗೆ ಅಳು ಬಂದಂತಾಯಿತು. ಅಪ್ಪ ಜೇಬಿನಿಂದ ಕನ್ನಡಕ ತೆಗೆದು, ಶರಟಿನ ತುದಿಯಲ್ಲಿ ಒರೆಸಿ, ಪೆನ್ನು ಕೈಗೆತ್ತಿಕೊಂಡ. ಯಾರಾದರೂ ಸಹಿ ಹಾಕಿದರೆ ಗಂಟೆ ಬಾರಿಸಿ ಎಲ್ಲರೂ ಚಪ್ಪಾಳೆ ತಟ್ಟುವುದು ಅಲ್ಲಿಯ ರೂಢಿ.

ಪುಟ್ಟಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ದಡಬಡಿಸಿ ಹೋದಳು. "ಅಪ್ಪ, ಸಹಿ ಹಾಕ್ಬೇಡ."

"ಯಾಕಮ್ಮ?"

"ಅಷ್ಟರಲ್ಲಿ ನಾವೆಲ್ಲ ಹೋಗೋಕಾಗಲ್ಲ. ಇಬ್ಬರು, ನಾಲ್ಕು ರಾತ್ರಿ, ಅದೂ ಯಾರಿಗೂ ಬೇಡದ ತಿಂಗಳಲ್ಲಿ. ಶಾಲೆ ರಜೇಲಿ ಬಾಗಿಲೊಳಗೂ ಬಿಡಲ್ಲ."

"ಮುಂದೆ ಇನ್ನಷ್ಟು ಸೇರಿಸ್ಕೋಬಹುದು ಸರ್," ಅಂದಳು ಜೇನುಬಾಯಿ, ಕಲಿತದ್ದನ್ನು ಕಲಿತ ಹಾಗೇ. ಆದರೂ ಅವಳ ಕಣ್ಣು ಮೇಜಿನ ಮೇಲಿತ್ತು.

ಅಪ್ಪ ಅವಳ ಕಡೆ ನೋಡಲೇ ಇಲ್ಲ. "ನಾನು ನಿನ್ನ ಅಷ್ಟೊಂದು ಪ್ರಶ್ನೆ ಕೇಳಿದ್ನಲ್ಲ, ಪುಟ್ಟಿ."

"ಇದೊಂದು ಕೇಳ್ಲಿಲ್ಲ ಅಪ್ಪ."

"ಕೇಳ್ದಿದ್ರೆ ಹೇಳ್ಬಾರದಾ?"

ಅಪ್ಪ ರೇಗಿದ್ದರೆ ಎಷ್ಟೋ ಸಲೀಸಾಗಿತ್ತು, ನಾಲ್ಕು ಮಾತು ಬೈಸಿಕೊಂಡು ಅತ್ತು ಮುಗಿಸಬಹುದಿತ್ತು. ಅವನು ಪೆನ್ನಿಗೆ ಮುಚ್ಚಳ ಹಾಕಿದ. ಅದನ್ನು ಕಾಗದದ ಮೇಲೆ ನೇರವಾಗಿ ಇಟ್ಟ. ಆಮೇಲೆ ಮಗಳ ಮೇಜಿನ ಕಡೆ ಗಲ್ಲ ತಿರುಗಿಸಿ, ಬರೀ ತಿಳಿದುಕೊಳ್ಳುವವನ ಹಾಗೆ ಕೇಳಿದ.

"ಅವರು ಕೇಳಿದ್ರಾ?"

ಪುಟ್ಟಿ ತಿರುಗಿ ನೋಡಿದಳು. ಅವಳ ಕುರ್ಚಿಯಲ್ಲಿ ಮ್ಯಾನೇಜರ್ ಕೂತಿದ್ದ. ಮಗಳು ಅಪ್ಪನನ್ನು ಉಳಿಸಿಕೊಳ್ಳುವಷ್ಟರಲ್ಲಿ ಅವನು ಅವಳ ಕೆಲಸವನ್ನು ಪೂರೈಸಿದ್ದ. ಕನ್ನಡಕದ ಅಂಗಡಿಯವನು ಕಾಗದ ಮಡಿಸುತ್ತಿದ್ದ. ನರ್ಸು ಇವಳ ಕಡೆ ನೋಡಿ ಕೈಬೀಸಿದಳು. ಮ್ಯಾನೇಜರ್ ಎದ್ದು ಗಂಟೆ ಬಾರಿಸಿದ, ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು.

ಅಪ್ಪ ತಟ್ಟಲಿಲ್ಲ. ಇವಳನ್ನೇ ನೋಡುತ್ತಿದ್ದ, ಉತ್ತರ ಇನ್ನೂ ಬಂದಿರಲಿಲ್ಲ.

"ಇಲ್ಲ," ಅಂದಳು ಪುಟ್ಟಿ. ತನ್ನ ಮೇಜಿನ ಕಡೆ ನಡೆದಳು.

"ನೀವು ಬರ್ಲಿ ಅಂತಿದ್ವಿ ಮೇಡಂ, ಸಾರ್ ಮುಗಿಸ್ಕೊಟ್ರು," ಅಂದಳು ನರ್ಸು. "ನಮ್ಮತ್ತೆಗೆ ಹೇಳಿದ್ರೆ ನಂಬಲ್ಲ. ಮಕ್ಕಳಿಗೆ ರಜೆ ಬಂದ ತಕ್ಷಣ ಹೊರಡೋದೇ."

"ಕೂತ್ಕೊಳ್ಳಿ," ಅಂದಳು ಪುಟ್ಟಿ. "ನೀವು ನನ್ನನ್ನ ಕೇಳದೇ ಇರೋದು ಒಂದಿದೆ, ಅದನ್ನ ಹೇಳ್ತೀನಿ. ಕೇಳಿಸ್ಕೊಂಡು ಆಮೇಲೂ ಬೇಕು ಅನ್ನಿಸಿದ್ರೆ ಇಟ್ಕೊಳ್ಳಿ. ಬೇಡ ಅನ್ನಿಸಿದ್ರೆ ಇವತ್ತೇ ವಾಪಸು ಮಾಡ್ಬಹುದು, ಎಲ್ಲಿ ಸಹಿ ಹಾಕ್ಬೇಕು ಅಂತ ನಾನೇ ತೋರಿಸ್ತೀನಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಕೂತರು. ಅವಳು ಹೇಳತೊಡಗಿದಾಗ ಹಿಂದೆ ಮ್ಯಾನೇಜರ್ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದ.