ಜಯಮಾಲಾ ಹೇಳಿದ ಸಿನಿಮಾ

ಜಯಮಾಲಾ ಹೊರಗೆ ಬಂದವಳೇ ಸೆರಗಿನ ತುದಿಯಿಂದ ಮನೆ ಮುಂದಿನ ಕಲ್ಲಿನ ಮೇಲಿನ ಅಕ್ಷರಗಳನ್ನು ಒರೆಸತೊಡಗಿದಳು. ಸೀಮೆಸುಣ್ಣ ಹಿಡಿದಿದ್ದ ಗಂಡ ಅಣವೀರ ಪಕ್ಕಕ್ಕೆ ಸರಿದು ನಿಂತ.

"ಇದು ನಾ ಹೇಳಿದ ಸಿನಿಮಾ ಅಲ್ಲ. ಕೆಳಗ ಹೆಸರು ನಂದು, ಮ್ಯಾಲ ಮಾತು ನಿಮ್ಮದು. ಹಿಂಗ್ಯಾಕ ಮಾಡ್ಲಿಕತ್ತೀರಿ?"

"ಹೋದ ವಾರನೂ ಆ ಬ್ಯಾಂಡಿನವನ ಸಿನಿಮಾನೇ ಬರ್ದಿದ್ವಿ, ಜಯಾ. ಅದಕ್ಕ ಈ ಸಲ ಬ್ಯಾರೇದು ಬರ್ದೆ."

"ಹೋದ ವಾರ ಹ್ಯಾಂಗ ಬರೀತೀರಿ? ನಾ ನೋಡಿದ್ದೇ ನಿನ್ನಿ."

ಅಣವೀರ ಉಳಿದ ಅಕ್ಷರಗಳನ್ನು ತಾನೇ ಅಂಗೈಯಿಂದ ಒರೆಸಿದ.

ಶಹಾಬಾದಿನ ಆ ಓಣಿಯಲ್ಲಿ ಅವರ ಗೋಡೆಗೆ ಒರಗಿ ನಿಂತ, ನೆಲಕ್ಕೆ ಹಾಸುವ ಫರಸಿಕಲ್ಲು ಮನೆ ಕಟ್ಟಿಸುವಾಗ ಉಳಿದದ್ದು. ಪ್ರತಿ ಭಾನುವಾರ ಅದರ ಮೇಲೆ 'ಈ ವಾರ ನೋಡ್ರಿ, ಈ ವಾರ ಓದ್ರಿ' ಎಂದು ಒಂದು ಸಿನಿಮಾ, ಒಂದು ಪುಸ್ತಕದ ಹೆಸರು, ಕೆಳಗೆ ಜಯಮಾಲಾ ಎಂಬ ಸಹಿ. ನೋಡುವುದು, ಓದುವುದು, ಹೇಳುವುದು ಆಕೆಯ ಕೆಲಸ. ಚಿತ್ರಕಲೆಯ ಮಾಸ್ತರನಾಗಿ ನಿವೃತ್ತನಾದ ಗಂಡನದು ಬರೆಯುವ ಕೆಲಸವಷ್ಟೇ. ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಆತ ಗೊರಕೆ ಹೊಡೆಯುವ ಸಂಗತಿಯನ್ನು ಆಕೆ ಊರಿಗೆಲ್ಲ ಹೇಳಿಟ್ಟಿದ್ದಳು. ಎದುರಿನ ಮೊಬೈಲ್ ಅಂಗಡಿಯ ಮುಜೀಬ ಕಲ್ಲಿನ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ ವಾಡಿ, ಚಿತ್ತಾಪುರದವರೂ ನೋಡುತ್ತಿದ್ದರು. ಒಮ್ಮೆ ಸೇಡಂನ ಗುರುದೇವಿ ಎಂಬಾಕೆ, ಇಂಥಾ ಸಿನಿಮಾ ಯಾಕೆ ನೋಡಂದ್ರಿ ಎಂದು ಜಗಳಕ್ಕೇ ಬಂದು, ಉಂಡು, ಸಂಜೆ ಗಾಡಿಗೆ ಹೋಗಿದ್ದಳು. ಜಯಮಾಲಾ ಎಷ್ಟೋ ದಿನ ಆ ಜಗಳದ ಖುಷಿಯಲ್ಲೇ ಇದ್ದಳು.

ಬೇಸಿಗೆಯಿಂದ ಆಕೆಗೆ ಮರೆವು. ಮೊದಮೊದಲು ಒಲೆಯ ಮೇಲಿನ ಹಾಲು ಮರೆಯುತ್ತಿದ್ದಳು, ಆಮೇಲೆ ನೆರೆಯವರ ಹೆಸರು. ಇದು ಕಡಿಮೆಯಾಗುವ ಕಾಯಿಲೆಯಲ್ಲ ಎಂದು ಕಲಬುರಗಿಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಣವೀರ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇಷ್ಟು ದಿನ ಆಕೆಯ ಮಾತಿಗೆ ಕಾದಿದ್ದ ಊರು ಇನ್ನು ಮೇಲೆ ಪಾಪ ಎನ್ನುತ್ತ ಆಕೆಯನ್ನು ನೋಡುವುದು ಅವನಿಗೆ ಬೇಕಿರಲಿಲ್ಲ. ಆದರೆ ಆಕೆ ವಾರ ವಾರವೂ ಅದೇ ಸಿನಿಮಾ ಹೇಳುತ್ತಿದ್ದಳು: ಹಲ್ಲು ಬಿದ್ದ ಮೇಲೂ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಮುದುಕನ ಕಥೆ.

ಒರೆಸಿದ ಕಲ್ಲಿನ ಮೇಲೆ ಅವನು ಈ ವಾರವೂ ಅದನ್ನೇ ಮತ್ತೆ ಬರೆದ. ಮುಜೀಬ ಫೋನ್ ಹಿಡಿದು ರಸ್ತೆ ದಾಟಿ ಬಂದ.

"ಮಾಸ್ತರ್, ಮತ್ತ ಅದೇ ಅದಲ್ರಿ. ಗ್ರೂಪಿನಾಗ ಮಂದಿ ನಗಲಿಕತ್ತಾರ."

"ತಪ್ಪು ನಂದೇ ಅಂತ ಹಾಕಪಾ. ಮಾಸ್ತರಗ ವಯಸ್ಸಾಗ್ಯಾದ, ಮರವು ಬಂದದ ಅಂತ ಹಾಕು."

ಮುಜೀಬ ಬಾಗಿಲಲ್ಲಿ ನಿಂತಿದ್ದ ಜಯಮಾಲಾಳನ್ನು ನೋಡಿದ. ಯಾವಾಗಲೂ ಹೆಸರು ಹಿಡಿದು ಚಹಾಕ್ಕೆ ಕರೆಯುತ್ತಿದ್ದ ಆಕೆ ಗುರುತಿಲ್ಲದವರಿಗೆ ಮಾಡುವ ಹಾಗೆ ಕೈ ಮುಗಿದಳು. ಅವನ ಮುಖ ಸಣ್ಣದಾಯಿತು. "ಆಯ್ತ್ರಿ ಮಾಸ್ತರ್, ಹಂಗೇ ಹಾಕ್ತೀನಿ" ಎಂದು ಫೋಟೊ ತೆಗೆದುಕೊಂಡು ಹೋದ.

ಮುಂದಿನ ಭಾನುವಾರ ಯಾವ ಸಿನಿಮಾ ಎಂದು ಅಣವೀರ ಆಕೆಯನ್ನು ಕೇಳಲೇ ಇಲ್ಲ. ಅದೇ ಸಿನಿಮಾದ ಹೆಸರು, ಆಕೆಯದೇ ಮಾತು ಬರೆದ: 'ಹಲ್ಲಿಲ್ಲದವ ಊದೂದು ಕೇಳಲಿಕ್ಕಾದ್ರೂ ನೋಡ್ರಿ. ಅಂವ ತಪ್ಪು ಊದಿದಾಗ ನಗಬ್ಯಾಡ್ರಿ.' ಸಹಿಯನ್ನೂ ಹಾಕಿದ.

ಜಯಮಾಲಾ ಬಂದು ಮೇಲಿನಿಂದ ಕೆಳಗಿನವರೆಗೆ ನಿಧಾನ ಓದಿದಳು. ಒರೆಸುತ್ತಾಳೇನೋ ಎಂದು ಅವನು ಕಾದ.

"ಭಾಳ ಛಂದ ಬರ್ದಾರ್ರಿ. ಈ ಸಿನಿಮಾ ನಾವೂ ನೋಡಬೇಕು" ಎಂದಳು. ಆಮೇಲೆ ಸಹಿಯ ಮೇಲೆ ಬೆರಳಿಟ್ಟು ಕೇಳಿದಳು, "ಈ ಜಯಮಾಲಾ ಅಂದ್ರ ಯಾರ್ರಿ? ನಿಮಗ ಗೊತ್ತೇನು?"

"ಗೊತ್ತು" ಎಂದ ಅಣವೀರ.

"ಶಾಣ್ಯಾ ಹೆಣ್ಮಗಳು ಕಾಣ್ತಾಳ. ನಮ್ಮ ಓಣ್ಯಾಗ ಇಂಥಾಕಿ ಇದ್ದದ್ದು ನನಗ ಗೊತ್ತೇ ಇರ್ಲಿಲ್ಲ. ಒಂದಿನ ಮನಿಗಿ ಕರೀರಿ, ಕುಂತು ಮಾತಾಡಮ."

"ಕರೀತೀನಿ."

ಆಕೆ ಒಳಗೆ ಹೋಗಿ ಒಂದು ಕುರ್ಚಿ ಎಳೆದು ತಂದಳು. ಓಣಿಗೆ ಮುಖ ಮಾಡಿಟ್ಟು ಧೂಳು ಒರೆಸಿದಳು. ಬಿಸಿಲೇರುವವರೆಗೂ ಕಟ್ಟೆಯ ಮೇಲೆ ನಿಂತೇ ಇದ್ದಳು.

"ಕಾಲು ನೋಯ್ತಾವ, ನೀ ಕುಂದ್ರು" ಎಂದ ಅಣವೀರ.

"ಬ್ಯಾಡ್ರಿ, ಆಕಿಗಂತ ಇಟ್ಟೀನಿ" ಎಂದಳು. ಅವನೂ ಆಕೆಯ ಪಕ್ಕದಲ್ಲಿ ನಿಂತುಕೊಂಡ.