ಸರ್ವರ್ ಸತ್ತರೆ ಬಾಗಿಲು ತೆರೆಯಬೇಕು

ನಮ್ಮ ಕಂಪನಿ ಮಾಡುವುದು ಫೋನಿನಿಂದ ತೆರೆಯುವ ಬೀಗ. ಒಳಗಿನಿಂದ ತೆರೆಯಲೂ ಯಜಮಾನನ ಫೋನೇ ಬೇಕು. ಆ ಫೋನಿನ ಮಾತನ್ನು ಬೀಗಕ್ಕೆ ಮುಟ್ಟಿಸುವುದು ನಮ್ಮ ಸರ್ವರ್. ಯಾರ ಮನೆಯ ಬೀಗವನ್ನೂ ನಾವಾಗಿ ತೆರೆಯಲಾರೆವು, ಹಾಗೆಂದೇ ಕಟ್ಟಿದ್ದೇವೆ. ಸರ್ವರಿನಿಂದ ಉತ್ತರವೇ ಬರದಿದ್ದರೆ? ಬೆಂಕಿಗಿಂಕಿ ಬಿದ್ದಾಗ ಜನ ಒಳಗೇ ಬೇಯಬಾರದು, ಬಾಗಿಲು ತಾನೇ ತೆರೆದುಕೊಳ್ಳಲಿ, ಸರ್ವರ್ ಎದ್ದಮೇಲೆ ಮತ್ತೆ ಬೀಗ ಬೀಳಲಿ ಎಂದು ಗಂಟಲು ಹರಿದುಕೊಂಡು ಗೆದ್ದವಳು ನಾನು.

ಮಧ್ಯಾಹ್ನ ತಂಗಿಯ ಫೋನ್ ಬಂತು. ಅವಳ ಗಂಡ ಕೊಂಡಿದ್ದೂ ನಮ್ಮ ಬೀಗವನ್ನೇ. ರಿಯಾಯಿತಿ ಬೇರೆ ಕೇಳಿದ್ದ, ನಾಚಿಕೆಗೆಟ್ಟವನು.

"ಅಕ್ಕಾ, ಲಾಕ್ ಮಾಡ್ಬಿಟ್ಟಿದ್ದಾನೆ. ಕೈ ಮುರಿದ. ಈಗ ಸಲಾಕೆ ತಗೊಂಡಿದ್ದಾನೆ..."

"ಬಾಗಿಲ ಹತ್ರ ಓಡು!"

"ತೆಗೆಯೋಕಾಗಲ್ಲ ಅಕ್ಕಾ!"

"ನಾನು ತೆಗೆಸ್ತೀನಿ."

ಏಟು ಬಿದ್ದ ಸದ್ದು ನನ್ನ ಕಿವಿಗೇ ಬಿತ್ತು. ಪೊಲೀಸರಿಗೆ ಫೋನ್ ಮಾಡು ಎಂದು ಪಕ್ಕದ ಮೇಜಿನವನಿಗೆ ಕೂಗಿ, ಸರ್ವರುಗಳನ್ನು ಒಂದೊಂದಾಗಿ ನಿಲ್ಲಿಸತೊಡಗಿದೆ.

ಮೇಷ್ಟ್ರು ಎದ್ದುಬಿದ್ದು ಓಡಿಬಂದರು. ಎಲ್ಲದಕ್ಕೂ ಪಾಠ ಹೇಳುವ ಚಟಕ್ಕಾಗಿ ನಮ್ಮ ಟೀಮ್ ಲೀಡರಿಗೆ ನಾವಿಟ್ಟ ಹೆಸರದು.

"ತಲೆ ಕೆಟ್ಟಿದ್ಯಾ? ಊರಿನ ಬಾಗಿಲೆಲ್ಲ ತೆರ್ಕೊಳ್ತವೆ!"

"ತೆರ್ಕೊಳ್ಳಲಿ! ಅವಳು ಸಾಯ್ತಾಳೆ ಮೇಷ್ಟ್ರೇ!"

ಅವರು ನನ್ನ ಮಣಿಕಟ್ಟು ಹಿಡಿದು ತಿರುಚಿದರು. ಬಾಯಿಗೆ ರಕ್ತ ಬರುವ ತನಕ ಕಚ್ಚಿದೆ. ಮತ್ತೆ ಮೈಮೇಲೆ ಬಿದ್ದಾಗ ಮೊಣಕೈಯಿಂದ ಮೂಗಿಗೇ ಗುದ್ದಿದೆ. ಕನ್ನಡಕ ಕೆಳಗೆ ಬಿದ್ದು ನನ್ನ ಚಪ್ಪಲಿಯಡಿ ಪುಡಿಯಾಯಿತು. ಯಾರ ಮೇಲೂ ಕೈ ಎತ್ತಿದವಳಲ್ಲ ನಾನು. ಆದರೆ ಆ ಹೊತ್ತಿನಲ್ಲಿ ಅವರನ್ನು ಕೊಂದೇಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಕೊನೆಯ ಸರ್ವರೂ ನಿಂತಿತು.

ಫೋನಿನಲ್ಲಿ ಬೀಗ ಸರಿದ ಸದ್ದು. ಬರಿಗಾಲಿನ ಓಟ, ಬೀದಿಯ ಗದ್ದಲ. "ಹಿಡೀರಿ ಅವನನ್ನ!" ಎಂದು ಯಾರೋ ಕೂಗಿದರು.

"ಹೊರಗಿದ್ದೀನಿ ಅಕ್ಕಾ," ಎಂದು ತಂಗಿ ಅತ್ತಳು. ಹೋದ ಜೀವ ಬಂದಂತಾಯಿತು. ಮೇಜಿಗೆ ಹಣೆ ಹಚ್ಚಿ ನಾನೂ ಅತ್ತೆ.

ಅಷ್ಟರಲ್ಲಿ ಗ್ರಾಹಕರ ಕರೆ ತೆಗೆದುಕೊಳ್ಳುವ ಹುಡುಗಿ ಎದ್ದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. ಸ್ಪೀಕರ್ ಒತ್ತಿದಳು.

"ನಮ್ಮ ಬಾಗಿಲು ಯಾಕೆ ತೆರ್ಕೊಂಡ್ತು?" ಯಾರೋ ಹೆಂಗಸು ಪಿಸುಗುಟ್ಟುತ್ತಿದ್ದಳು. "ಅವನು ಬೆಳಗ್ಗೆಯಿಂದ ಚಾಕು ಹಿಡ್ಕೊಂಡು ಹೊರಗೇ ನಿಂತಿದ್ದಾನೆ. ಮುಚ್ರಿ, ಬೇಗ ಮುಚ್ರಿ... ಅಯ್ಯೋ, ಬಂದ!"

ಅವಳ ಫೋನ್ ನೆಲಕ್ಕೆ ಬಿದ್ದು ದೂರ ಜಾರಿದ ಸದ್ದಾಯಿತು.

ಮೇಷ್ಟ್ರು ಮೂಗಿನಿಂದ ಸುರಿಯುವ ರಕ್ತವನ್ನೂ ಲೆಕ್ಕಿಸದೆ ಕೀಬೋರ್ಡಿಗೆ ಎರಗಿ, ಸರ್ವರುಗಳನ್ನೆಲ್ಲ ಮತ್ತೆ ಎಬ್ಬಿಸಿದರು. ಪಾಪ, ಆ ಹೆಂಗಸನ್ನು ಉಳಿಸುವುದಕ್ಕೇ.

"ಬೇಡ ಮೇಷ್ಟ್ರೇ!" ಎಂದು ಚೀರಿದೆ. "ಅವನು ಒಳಗೆ ಬಂದಾಗಿದೆ!"

ಸ್ಪೀಕರಿನಲ್ಲಿ ಬೀಗ ಬಿದ್ದ ಸದ್ದು ಕೇಳಿತು. ಆಮೇಲೆ ಆ ಹೆಂಗಸು ಬಾಗಿಲು ಬಡಿಯತೊಡಗಿದಳು, ಒಳಗಿನಿಂದ.