ನೊವಾಗಾನ ಕೆಮ್ಮು

"ಲೇ ಬೋಳಿ, ಬಡವರ ಗುಡಿಸ್ಲು ಮಾಡು ಅಂದ್ರೆ ಅರಮನೆ ಮಾಡಿಟ್ಟಿದ್ದೀಯಲ್ಲೇ! ಕೆರಿ ಅದನ್ನ, ಕೆರಿ!"

ಬೂಡಾ ಸಾಹೇಬನ ಬೂಟು ಹಸಿಗೋಡೆಗೆ ಬಿತ್ತು. ತಲಾತೊ ಬೆಳಗಿನಿಂದ ಕೆಮ್ಮಣ್ಣು, ಸಗಣಿ ಕಲಸಿ ಬಳಿದು, ಮರದ ಕಾಯಿಸಿಪ್ಪೆ ಕುದಿಸಿದ ಕಂದುನೀರು ಚಿಮುಕಿಸಿ, ನುಣುಪುಗಲ್ಲಿನಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದ ಗೋಡೆ ಅದು. ಕುಗ್ಪೆಲ್ಗಾ ಊರಿನ ಹೆಂಗಸರು ಗೋಡೆ ಬಳಿಯುವುದೇ ಹಾಗೆ. ಅತ್ತೆ ಸೊಸೆಗೆ ಮೊದಲು ಕಲಿಸುವುದು ಅದನ್ನೇ.

"ನಮ್ಮನೆ ಗೋಡೆನೂ ಹಿಂಗೇ ಐತಲ್ಲ ಸಾಹೇಬ್ರೆ. ನಾವೇ ತಾನೆ ಬಡವ್ರು?" ಅಂದಳು ತಲಾತೊ.

ಹೆಂಗಸರು ಕಿಸಕ್ಕನೆ ನಕ್ಕರು. ಬೂಡಾನ ಕತ್ತಿನ ನರ ಉಬ್ಬಿತು.

"ಬಾಯಿ ಮುಚ್ಚೇ. ದುಡ್ಡು ಕೊಟ್ಟಿರೋ ನಸಾರಾಗಳು ನೋಡೋದು ಇಂಥ ಗೋಡೇನಲ್ಲ. ಬಿರುಕು ಬಿಟ್ಟಿರ್ಬೇಕು, ಉದುರ್ತಾ ಇರ್ಬೇಕು. ನೋಡಿದ್ರೆ ಅಳು ಬರ್ಬೇಕು."

ನಸಾರಾ ಅಂದರೆ ಬಿಳಿಯರು. ಆಫ್ರಿಕಾದ ಸಿನಿಮಾ ಬೆಳೆಯಲಿ ಎಂದು ಸಮುದ್ರದಾಚೆಯ ದೇಶಗಳು ಕೂಡಿ ದುಡ್ಡು ಕೊಟ್ಟಿದ್ದವು. ಆ ದುಡ್ಡಿನಲ್ಲಿ ಕುಗ್ಪೆಲ್ಗಾದ ಬಯಲಿನಲ್ಲಿ ಇನ್ನೊಂದು ಸುಳ್ಳು ಊರು ಎದ್ದಿತ್ತು, ಸಿನಿಮಾದ ಊರು. ರಾಜಧಾನಿ ವಾಗಡುಗುವಿನಿಂದ ಬಂದ ಬೂಡಾ ಅದರ ಯಜಮಾನ. ದುಡ್ಡು ಅವನ ಕೈ ದಾಟಿ ಕೂಲಿಯವರಿಗೆ ಬರಬೇಕಾಗಿತ್ತು. ಬಂದದ್ದು ಟೊಪ್ಪಿಗೆ. ಒಂದು ಕರಿ ಕೈ, ಒಂದು ಬಿಳಿ ಕೈ ಒಂದನ್ನೊಂದು ಹಿಡಿದಿರುವ ಕಸೂತಿಯ ಟೊಪ್ಪಿಗೆ. "ನೀವು ಕೂಲಿಗಳಲ್ಲ, ತರಬೇತಿ ತಗೊಳ್ಳೋರು. ಕಲಿಯೋರಿಗೆ ಯಾರಾದ್ರೂ ಕೂಲಿ ಕೊಡ್ತಾರಾ?" ಎಂದು ಬೂಡಾ ಮೊದಲ ದಿನವೇ ಹೇಳಿದ್ದ. ಮಧ್ಯಾಹ್ನಕ್ಕೆ ಸಜ್ಜೆ ಮುದ್ದೆ, ಬೆಂಡೆಕಾಯಿ ಸಾರು ಇತ್ತು. ಬಾವಿ ಬತ್ತಿದ ತಿಂಗಳಲ್ಲಿ ಅದನ್ನೂ ಬಿಡಲಾಗುತ್ತಿರಲಿಲ್ಲ.

ಮೇಲಿನಿಂದ ಕೆಮ್ಮು ಕೇಳಿಸಿತು. ಎರಡು ಸಣ್ಣದು, ಆಮೇಲೆ ಎದೆಯ ತಳದಿಂದ ಎದ್ದು ಬಂದ ಒಂದು ದೊಡ್ಡದು. ಬಂಗಾರ ಅಗೆಯುವ ಗಣಿಗುಂಡಿಗಳಲ್ಲಿ ಧೂಳು ಕುಡಿದು ಬಂದ ಕೆಮ್ಮು. ಕೆಮ್ಮಿ ಮುಗಿದ ಮೇಲೆ ಸದಾ ಒಂದೇ ಮಾತು: "ಹ್ಞಾಂ, ಆಗ್ಲಿ ಬುಡು."

ತಲಾತೊಳ ಗಂಡನ ಅಣ್ಣ ನೊವಾಗಾ. ಕಬ್ಬಿಣದ ಸಲಾಕೆಗಳ ಅಟ್ಟಣೆಯ ತುದಿಯಲ್ಲಿ ದೊಡ್ಡ ದೀಪದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಕೆರೆದ್ಬುಡಮ್ಮಿ ತಲಾತೊ. ಕೆರೆಯಕ್ಕೂ ಒಂದು ತರಬೇತಿ ಅಂದ್ಕೋ."

"ನೀನು ಬೀಳ್ದಂಗೆ ಕೂತ್ಕೊ ಭಾವ. ಕೋತಿ ಕುಲದಲ್ಲಿ ಹುಟ್ಟಿದೋನ ಥರ ಕೂತವ್ನೆ ನೋಡು."

"ಹಗ್ಗ ಐತಲ್ಲಮ್ಮಿ!"

ಹಗ್ಗವೇನೋ ಇತ್ತು. ಇದ್ದದ್ದು ಒಂದೇ ಹಗ್ಗ. ಅದನ್ನು ದೀಪಕ್ಕೆ ಕಟ್ಟಿದ್ದರು. ದೀಪ ವಿಮಾನದಲ್ಲಿ ಬಂದದ್ದು.

*

ಊಟದ ಹೊತ್ತಿಗೆ ಧೂಳುಗಾಳಿ ಎದ್ದಿತು. ಶೂಟಿಂಗ್ ನಿಲ್ಲಿಸೋಣವೇ ಎಂದು ಕ್ಯಾಮೆರಾದವನು ಕೇಳಿದ. ಧೂಳಿನಲ್ಲಿ ಬೆಳಕು ಚೆನ್ನಾಗಿ ಕಾಣುತ್ತದೆ, ನಿಲ್ಲಿಸುವುದು ಬೇಡ ಅಂದ ಬೂಡಾ. ತಲಾತೊ ಕೆರೆದು ಹಾಳು ಮಾಡಿದ ಗೋಡೆಯ ಮುಂದೆ ಪೇಟೆಯ ನಟಿಯೊಬ್ಬಳು ವಿಧವೆಯ ವೇಷದಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದಳು.

ಅಟ್ಟಣೆ ಒಂದು ಸಲ ನರಳಿತು. ದೀಪ ಹೊರಳಿತು. ಅದನ್ನು ಹಿಡಿಯಲು ನೊವಾಗಾ ಎರಡೂ ಕೈ ಚಾಚಿದ.

ಅವನು ಬಿದ್ದದ್ದು ತಲಾತೊಳಿಂದ ಮಾರು ದೂರದಲ್ಲಿ. ಒಣಗಿದ ಸೋರೆಬುರುಡೆ ಒಡೆದ ಸದ್ದು. ಕತ್ತು ಹಿಂದಕ್ಕೆ ತಿರುಗಿತ್ತು. ಟೊಪ್ಪಿಗೆ ತಲೆಯ ಮೇಲೇ ಇತ್ತು.

ಬೂಡಾ ಓಡಿ ಬಂದ. ಬಂದವನು ಮೊದಲು ತಲೆ ಎತ್ತಿ ಮೇಲೆ ನೋಡಿದ. ದೀಪ ಹಗ್ಗದಲ್ಲಿ ತೂಗುತ್ತಿತ್ತು, ಒಂದು ಗೀರೂ ಆಗಿರಲಿಲ್ಲ. ಅವನ ಉಸಿರು ಕೆಳಗಿಳಿದದ್ದನ್ನು ತಲಾತೊ ಕಣ್ಣಾರೆ ಕಂಡಳು.

"ಗಾಡಿಗೆ ಹಾಕ್ರೋ. ಬೇಗ. ದುಡ್ಡು ಕೊಟ್ಟಿರೋ ಮದಾಂ ಬರೋದ್ರೊಳಗೆ."

ಆಸ್ಪತ್ರೆಯ ದಾರಿ ಹಿಡಿಯುತ್ತದೆ ಎಂದುಕೊಂಡ ಗಾಡಿ ಊರಿನ ಕಡೆ ತಿರುಗಿತು. ನೊವಾಗಾನನ್ನು ಅವನದೇ ಅಂಗಳದ ಬೇವಿನ ಮರದ ಕೆಳಗೆ ಮಲಗಿಸಿ, ಪಕ್ಕದಲ್ಲಿ ಒಂದು ಚೀಲ ಅಕ್ಕಿ ಇಟ್ಟು ಹೋದರು. ಅವನ ಹೆಂಡತಿ ಟೆನೆ ಒಳಗೆ ಸಜ್ಜೆ ಕುಟ್ಟುತ್ತಿದ್ದಳು. ಹೊರಗೆ ಬಂದು, ದಣಿದು ಮಲಗಿದ್ದಾನೆಂದು ತಿಳಿದು, "ಎದ್ದೇಳು, ನೆತ್ತಿ ಮೇಲೆ ಬಿಸ್ಲು ಬತ್ತಾ ಐತೆ" ಅಂದಳು.

*

"ಎಲ್ಲಿ ಸತ್ತ?"

ಊರಿನ ದೊರೆಯಾದ ನಾಬಾ ತನ್ನ ಕುರ್ಚಿಯಲ್ಲಿ ಒರಗಿದ್ದ. ಅವನ ಹಿಂದೆ ಹೊಸ ಮೋಟಾರುಬೈಕು, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ. ತಲಾತೊ, ಸತ್ತವನ ಚಿಕ್ಕಪ್ಪ ಮುದುಕ ಯಂಬಾ ಇಬ್ಬರೂ ಮಂಡಿಯೂರಿ, ಮೊಣಕೈ ನೆಲಕ್ಕೆ ಹಚ್ಚಿ, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡರು.

"ಬಯಲಾಗೆ ದೊರೆ. ಸಿನಿಮಾದೋರ ಅಟ್ಟಣೆ ಮೇಲಿಂದ" ಅಂದ ಯಂಬಾ.

"ಹೆಂಡ ಕುಡಿದು ಬೇವಿನ ಮರದಿಂದ ಬಿದ್ದ."

"ಅವ್ನು ಹೆಂಡ ಮುಟ್ತಿರ್ಲಿಲ್ಲ ದೊರೆ, ಎದೆಗೂಡು..."

"ಮುದುಕ, ನಿನ್ನ ಹಲ್ಲು ಎಷ್ಟು ಉಳ್ದವೆ? ಅವನ್ನ ಉಳಿಸ್ಕೊ. ಬೇವಿನ ಮರದ ಕೆಳಗೆ ಕೋಳಿ ಕುಯ್ದು ಭೂಮಿ ಸಮಾಧಾನ ಮಾಡಿ, ತಿಥಿ ಮಾಡ್ಕೊಳ್ರಿ. ಇಲ್ಲಾಂದ್ರೆ ತಿಥಿನೇ ಇಲ್ಲ."

ಬಿದ್ದು ಸತ್ತವನನ್ನು ಬಿದ್ದ ಜಾಗದ ಮಣ್ಣು ಹಿಡಿದುಕೊಂಡಿರುತ್ತದೆ. ಆ ಮಣ್ಣಿನ ಮೇಲೆ, ಅವನನ್ನು ಅಲ್ಲಿಗೆ ಕರೆದವನು ನಿಂತು, "ಇಲ್ಲೇ ಸತ್ತ, ನನ್ನ ಕೆಲಸದಲ್ಲಿ ಸತ್ತ" ಎಂದು ಬಾಯಿಬಿಟ್ಟು ಹೇಳಿದರಷ್ಟೇ ಅದು ಬಿಡುವುದು. ಬೇರೆ ಜಾಗದಲ್ಲಿ ಕೋಳಿ ಕುಯ್ದರೆ ಮಣ್ಣಿಗೆ ಸುಳ್ಳು ಹೇಳಿದಂತೆ. ತಿಥಿ ಆಗದೆ ಟೆನೆ ಸೂತಕದ ಗುಡಿಸಲಿನಿಂದ ಹೊರಗೆ ಬರುವಂತಿಲ್ಲ. ಹೊಲಕ್ಕೆ ಹೋಗುವಂತಿಲ್ಲ, ಸಂತೆಗೆ ಹೋಗುವಂತಿಲ್ಲ, ನಾಲ್ಕು ಮಕ್ಕಳಿಗೆ ಒಲೆ ಹಚ್ಚುವಂತಿಲ್ಲ. ತಲಾತೊಳ ಗಂಡ ಐವರಿ ಕೋಸ್ಟಿನ ಕೊಕೊ ತೋಟದಲ್ಲಿದ್ದ. ಅವನಿಂದ ಸುದ್ದಿ ಬಂದು ಎಷ್ಟೋ ಕಾಲವಾಗಿತ್ತು.

ತಲಾತೊ ಸಿನಿಮಾದ ಊರಿಗೆ ಹೋಗಿ ಬೂಡಾನ ಕಾರಿನ ಮುಂದೆ ಕೂತಳು. ಅವನು ಗಾಜು ಇಳಿಸಿದ.

"ಮತ್ತೇನೇ ನಿಂದು? ಅಕ್ಕಿ ಖಾಲಿಯಾಯ್ತಾ?"

"ಅಕ್ಕಿ ಬ್ಯಾಡ ಸಾಹೇಬ್ರೆ. ಆ ಜಾಗದಲ್ಲಿ ಬಂದು ನಿಂತು ಒಂದು ಮಾತು ಹೇಳಿ. ಇಲ್ಲೇ ಸತ್ತ ಅನ್ನಿ. ನೀವೂ ನಮ್ ಜನವೇ ಅಲ್ವಾ, ನಿಮ್ ತಾಯಿನೂ ಇದೇ ಮಣ್ಣು ಬಳಿದೋಳಲ್ವಾ?"

"ಆ ಮಾತು ನನ್ನ ಬಾಯಿಂದ ಬಂದ ದಿನ ಆಚೆಯೋರು ದುಡ್ಡು ನಿಲ್ಲಿಸ್ತಾರೆ. ಒಬ್ಬ ಕೆಮ್ಮುರೋಗಿಗೋಸ್ಕರ ಇಡೀ ದೇಶದ ಸಿನಿಮಾ ಮುಳುಗಬೇಕಾ? ಏಳೇ, ಟೈರಿಗೆ ಸಿಕ್ಕೀಯ."

ಗಾಜು ಏರಿತು.

ಟೆನೆಯ ಹಾಲು ಬತ್ತಿತು. ಕೊನೆಯ ಕೂಸು ಅಳುವುದನ್ನೂ ಬಿಟ್ಟಿತು. ಒಂದು ಬೆಳಗ್ಗೆ ಗುಡಿಸಲಿನ ಕತ್ತಲಿಂದ ಟೆನೆ ಹೇಳಿದಳು: "ಬೇವಿನ ಮರದ ಕೆಳಗೇ ಕುಯ್ದುಬುಡ್ರವ್ವ ಕೋಳಿನ. ಅವ್ನು ಬಯಲಲ್ಲೇ ಕೆಮ್ಕೊಂಡಿರ್ಲಿ. ಮಕ್ಕಳು ಉಳೀಲಿ."

ಯಂಬಾ ಕೋಳಿ ಹಿಡಿಯಲು ಎದ್ದ. ಅಷ್ಟರಲ್ಲಿ ನಾಬಾನ ಆಳು ಬಂದ.

*

ಸಿನಿಮಾದ ಊರಿಗೆ ಸಮುದ್ರದಾಚೆಯ ಅತಿಥಿಗಳು ಬರುವವರಿದ್ದರು. ಮದಾಂ, ಅವಳ ಜೊತೆಯವರು, ರಾಜಧಾನಿಯ ದೊಡ್ಡ ಮನುಷ್ಯರು. ಸುಳ್ಳು ಊರು ಇನ್ನು ಮುಂದೆ ಶಾಶ್ವತ ಸ್ಟುಡಿಯೋ ಆಗುವುದಿತ್ತು. ಏನಾದರೂ ನಮ್ಮತನದ್ದು, ಬೇರೆಲ್ಲೂ ಸಿಗದ್ದು ತೋರಿಸಬೇಕು ಅಂದನಂತೆ ಬೂಡಾ. ಚಿಕ್ಕಂದಿನಲ್ಲಿ ಅಜ್ಜಿಯ ಊರಲ್ಲಿ ಕಂಡದ್ದೊಂದು ಅವನಿಗೆ ನೆನಪಾಗಿತ್ತು.

"ಕುರೀಟಾ ಆಡ್ಸಿ ಅಂತ ಸಾಹೇಬ್ರು ಹೇಳವ್ರೆ. ನಾಬಾ ಒಪ್ಪವ್ರೆ. ಕಾಲು ಗಂಟೆ ಆಡಿದ್ರೆ ಸಾಕಂತೆ" ಅಂದ ಆಳು.

ಯಂಬಾನ ಕೈಯಿಂದ ಕೋಳಿ ಜಾರಿತು.

ಸತ್ತವನ ತಮ್ಮನ ಹೆಂಡತಿ ಸತ್ತವನ ಬಟ್ಟೆ ತೊಟ್ಟು, ಅವನ ನಡೆ ನಡೆದು, ಅವನ ಮಾತು ಆಡಿದರೆ ಅವಳೇ ಕುರೀಟಾ. ತಿಥಿ ಮುಗಿಯುವ ತನಕ ಅವಳು ಅವಳಲ್ಲ, ಅವನು. ಮಕ್ಕಳು ಅವಳನ್ನು ಅಪ್ಪಾ ಅನ್ನಬೇಕು. ಅವಳು ಕೇಳಿದ್ದನ್ನು ಕೊಡಬೇಕು. ಅವಳ ಮೈ ಮುಟ್ಟಿ ತಡೆದವನ ಮನೆಯಲ್ಲಿ ದೀಪ ಉಳಿಯುವುದಿಲ್ಲ. ಅದನ್ನು ಆಟಕ್ಕೆಂದು ಯಾರೂ ಕರೆಯುವುದಿಲ್ಲ. ಕರೆದರೆ, ಸತ್ತವನು ತಾನಾಗಿ ಹೋಗ್ತೀನಿ ಅನ್ನುವ ತನಕ ಕಳಿಸುವಂತಿಲ್ಲ. ಪೇಟೆಯಲ್ಲಿ ಬೆಳೆದ ಬೂಡಾನಿಗೆ ಆಟ ನೆನಪಿತ್ತು, ಕಟ್ಟುಪಾಡು ಮರೆತಿತ್ತು. ನಾಬಾನಿಗೆ ಕಟ್ಟುಪಾಡು ಗೊತ್ತಿತ್ತು, ಆದರೆ ಮೋಟಾರುಬೈಕಿಗೆ ಪೆಟ್ರೋಲು ಬೇಕಾಗಿತ್ತು.

"ಕರೆದೋರು ಅವರೇ" ಅಂದ ಯಂಬಾ ಮೆಲ್ಲಗೆ. "ನಾವಾಗಿ ಹೋಗಿಲ್ಲ."

"ನಂಗೆ ಭಯ ಮಾವ" ಅಂದಳು ತಲಾತೊ. "ಅವನ ನಡೆ ನಂಗೆ ಬಂದಾತಾ?"

ಗುಡಿಸಲೊಳಗಿಂದ ಟೆನೆಯ ಕೈ ಹೊರಗೆ ಬಂತು. ಕೈಯಲ್ಲಿ ನೊವಾಗಾನ ಹರಿದ ಅಂಗಿ, ಮೊಣಕಾಲು ಸವೆದ ಪ್ಯಾಂಟು, ಟೊಪ್ಪಿಗೆ. "ಎಡಗಾಲು ಒಂಚೂರು ಎಳೀಬೇಕು" ಅಂದಳು. "ಕೆಮ್ಮಿದ್ಮೇಲೆ ಎದೆ ಒತ್ಕೋಬೇಕು."

*

ಹೊತ್ತು ಮುಳುಗುವ ಹೊತ್ತು. ಜನರೇಟರು ಗುಂಯ್‌ಗುಡುತ್ತಿತ್ತು. ಅತಿಥಿಗಳಿಗಾಗಿ ಮತ್ತೆ ಕೆರೆದಿದ್ದ ಗೋಡೆಗಳ ಮುಂದೆ ಬಿಳಿ ಕುರ್ಚಿಗಳು. ಮದಾಂ ಮಾತಾಡುತ್ತಿದ್ದಳು, ಬೂಡಾ ಊರಿನವರ ಭಾಷೆಗೆ ತಿರುಗಿಸುತ್ತಿದ್ದ: "ಆಫ್ರಿಕಾ ತನ್ನ ಕಥೇನ ತಾನೇ ಹೇಳ್ಬೇಕು ಅಂತಿದ್ದಾರೆ. ನಾವು ಬರೀ ಕೈ ಹಿಡೀತೀವಿ ಅಂತಿದ್ದಾರೆ. ಚಪ್ಪಾಳೆ ಹೊಡೀರಿ."

ಚಪ್ಪಾಳೆಯ ನಡುವೆ ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು.

ಊರಿನವರ ಚಪ್ಪಾಳೆ ಕಡಿದು ಬಿತ್ತು. ಕಾವಲುಗಾರರು ನೊವಾಗಾನ ಜೊತೆ ಬೆಳೆದವರು. ಎಡಗಾಲು ಎಳೆಯುತ್ತ, ಟೊಪ್ಪಿಗೆ ಹುಬ್ಬಿಗೆ ಇಳಿಸಿಕೊಂಡು ಬರುತ್ತಿದ್ದ ಆಕೃತಿಯನ್ನು ಕಂಡು ಅವರು ದೊಣ್ಣೆ ಕೆಳಗಿಟ್ಟರು.

"ಬಾ ನೊವಾಗಾ. ಚೆನ್ನಾಗಿದ್ದೀಯಾ?" ಅಂದ ಒಬ್ಬ.

"ಹ್ಞಾಂ, ಆಗ್ಲಿ ಬುಡು" ಅಂದಳು ತಲಾತೊ. ಆ ದನಿ ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ.

ನೊವಾಗಾನ ಮಕ್ಕಳು "ಅಪ್ಪಾ" ಎಂದು ಹಿಂದೆ ಬಂದವು. ಮದಾಂ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಅತಿಥಿಗಳು ಮೊಬೈಲು ಎತ್ತಿದರು. ಬೂಡಾ ಅವರ ಕಿವಿಯಲ್ಲಿ ಏನೋ ಹೇಳುತ್ತ ಹಲ್ಲು ಕಿರಿದ.

ತಲಾತೊ ನಾಬಾನ ಮುಂದೆ ನಿಂತಳು. ಮಂಡಿಯೂರಲಿಲ್ಲ.

"ನಾಬಾ, ನಾನು ಹೆಂಡ ಕುಡೀತಿದ್ನಾ?"

ಸತ್ತವನು ಕೇಳಿದರೆ ದೊರೆಯೂ ಉತ್ತರ ಕೊಡಬೇಕು. ನಾಬಾ ಕುರ್ಚಿಯಿಂದ ಎದ್ದ.

"ಇಲ್ಲ ನೊವಾಗಾ. ಕುಡೀತಿರ್ಲಿಲ್ಲ."

"ಏನಂತಿದ್ದಾರೆ?" ಎಂದು ಮದಾಂ ಬೂಡಾನನ್ನು ಕೇಳಿದಳು.

"ನಿಮಗೆ ಒಳ್ಳೇದಾಗ್ಲಿ ಅಂತ ಹರಸ್ತಿದ್ದಾರೆ." ಬೂಡಾನ ನಗೆ ಒಣಗುತ್ತಿತ್ತು. ಊರಿನವರ ಕಡೆ ತಿರುಗಿ ಹಲ್ಲು ಕಚ್ಚಿದ: "ಸಾಕು, ಎಳ್ಕೊಂಡು ಹೋಗ್ರೋ ಈ ಮುಂಡೇನ."

ಯಾರೂ ಕದಲಲಿಲ್ಲ. ತಲಾತೊ ಅಟ್ಟಣೆ ಹತ್ತತೊಡಗಿದ್ದಳು. ಕಬ್ಬಿಣ ಇನ್ನೂ ಬಿಸಿಲಿನ ಕಾವಿನಲ್ಲಿತ್ತು. ಕೆಳಗೆ ನೋಡಬಾರದು ಅಂದುಕೊಂಡರೂ ನೋಡಿದಳು. ಇಷ್ಟು ಮೇಲಿಂದ ಅವನು ದಿನವೂ ತಮಾಷೆ ಮಾಡುತ್ತಿದ್ದನೇ? ತುದಿ ಮುಟ್ಟಿ ದೀಪದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕುರ್ಚಿಗಳ ಕಡೆಗಿದ್ದ ದೀಪದ ಮುಖವನ್ನು ಕೆಳಕ್ಕೆ ಹೊರಳಿಸಿದಳು. ಅಟ್ಟಣೆಯ ಬುಡದ ಮಣ್ಣಿನ ಮೇಲೆ ಬೆಳಕು ದುಂಡಗೆ ಬಿತ್ತು.

"ಇಲ್ಲೇ ಬಿದ್ದೆ ನಾನು. ನನ್ನ ಮೇಲಕ್ಕೆ ಹತ್ಸಿದೋನು ಬಂದು ಅಲ್ಲಿ ನಿಂತು ಹೇಳ್ಲಿ. ಆಮೇಲೆ ಹೋಗ್ತೀನಿ."

ಹೆಂಗಸರು ಒಬ್ಬೊಬ್ಬರಾಗಿ ಬಂದು ಬೆಳಕಿನ ಸುತ್ತ ನೆಲದ ಮೇಲೆ ಕೂತರು. ಗೋಡೆ ಬಳಿದು ಸಿಪ್ಪೆ ಸುಲಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಬಯಲಿನ ಆಚೆ ತುದಿಯಿಂದ ಧೂಳುಗಾಳಿ ಏಳುತ್ತಿತ್ತು.

"ಇಳಿಯೇ ಹಲ್ಕಾ ಮುಂಡೆ!" ಬೂಡಾ ಅತಿಥಿಗಳನ್ನು ಮರೆತಿದ್ದ. "ಬಿದ್ದು ಸತ್ತೀಯ!"

"ಒಂದ್ಸಲ ಸತ್ತಾಯ್ತಲ್ಲ ಸಾಹೇಬ."

ಅವಳ ಬೆರಳು ಹಗ್ಗ ಹುಡುಕಿದವು. ದೀಪದ ಕೊರಳಿಗೆ ಕಟ್ಟಿದ್ದ ಗಂಟು ಬಿಗಿಯಾಗಿತ್ತು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಬಿಚ್ಚಿದ ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿ ಕಟ್ಟಿದಳು.

"ಇವತ್ತು ಹಗ್ಗ ನಂಗೆ."

ಮೊದಲ ಗಾಳಿ ಬೀಸಿತು. ಅಟ್ಟಣೆ ನರಳಿತು. ದೀಪ ಅಂಚಿನ ಕಡೆ ಜಾರಿತು.

"ದೀಪಾ! ದೀಪ ಕಣ್ರೋ! ದೀಪ ಹಿಡ್ಕೊಳ್ರೋ!"

ಬೂಡಾ ಕುರ್ಚಿ ಬೀಳಿಸಿ ಓಡಿದ. ಹೆಂಗಸರನ್ನು ದಾಟಿ, ಎರಡೂ ಕೈ ಮೇಲೆತ್ತಿ, ಮುಖ ಆಕಾಶಕ್ಕೆ ಮಾಡಿ ಬೆಳಕಿನ ನಡುವೆ ಬಂದು ನಿಂತ. ನಿಂತ ಮೇಲೆ ಅವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯಿತು. ತಿರುಗಿದ. ಹೆಂಗಸರು ಭುಜಕ್ಕೆ ಭುಜ ಕೊಟ್ಟು ಸುತ್ತು ಮುಚ್ಚಿದ್ದರು.

ಮೇಲೆ ದೀಪವನ್ನು ಹಿಡಿದಿದ್ದದ್ದು ಈಗ ತಲಾತೊಳ ಒಂದು ಕೈ. ಚರ್ಮ ಸುಡುತ್ತಿತ್ತು. ಕೆಳಗೆ ಬಿಳಿ ಬೆಳಕಲ್ಲಿ ಬೂಡಾನ ತೆರೆದ ಬಾಯಿ ಸ್ಪಷ್ಟವಾಗಿ ಕಾಣುತ್ತಿತ್ತು, ಆ ಬಾಯಿಂದ ಇನ್ನೂ ಏನೂ ಹೊರಟಿರಲಿಲ್ಲ. ಅತಿಥಿಗಳಲ್ಲೊಬ್ಬ ಚಪ್ಪಾಳೆ ತಟ್ಟತೊಡಗಿದ.

ಎರಡನೆಯ ಗಾಳಿ ಬಂತು. ಅವಳು ಕೆಮ್ಮಿದಳು, ಎರಡು ಸಣ್ಣದು, ಒಂದು ದೊಡ್ಡದು.

"ಹೇಳು ಸಾಹೇಬ. ಕೈ ಸೋಲ್ತಾ ಐತೆ."